ಬಟವಾಡೆಯ ದಿನ ಮತ್ತು ಮಾಲೀಕನ ಹೊಣೆ

ಸಂಡೂರಿನ ಬೆಟ್ಟಗಳಲ್ಲಿ ಅದಿರು ಅಗೆಯುವವರಿದ್ದಾರೆ. ಕಂಪ್ಲಿಯ ಬಯಲಿನಲ್ಲಿ ಭತ್ತದ ಗಿರಣಿಗಳಿವೆ, ಕಬ್ಬು ಕಡಿಯುವ ಗುಂಪುಗಳಿವೆ. ಹಂಪೆಯ ಆಸುಪಾಸಿನಲ್ಲಿ ಯಾತ್ರಿಕರಿಗೂ ಪ್ರವಾಸಿಗರಿಗೂ ಊಟ ವಸತಿ ಒದಗಿಸುವ ಮನೆಗಳಿವೆ. ಹೊಸಪೇಟೆಯಲ್ಲಿ ಅಂಗಡಿ, ಹೋಟೆಲು, ಲಾರಿ ಕಚೇರಿ, ಸಣ್ಣಪುಟ್ಟ ಕಾರ್ಖಾನೆಗಳಿವೆ. ಈ ನಾಲ್ಕು ಊರುಗಳ ದುಡಿಮೆಗೆ ಮೇಲುನೋಟಕ್ಕೆ ಒಂದಕ್ಕೊಂದು ಹೋಲಿಕೆಯಿಲ್ಲ. ಆದರೆ ಎಲ್ಲ ಕಡೆಯೂ ಒಂದು ದಿನ ಮಾತ್ರ ಒಂದೇ ರೀತಿಯದು. ಅದು ಬಟವಾಡೆಯ ದಿನ. ಅಂದು ದುಡಿದವನು ಕೈಚಾಚಿ ನಿಲ್ಲುತ್ತಾನೆ, ದುಡಿಸಿದವನು ಎಣಿಸಿ ಕೊಡುತ್ತಾನೆ. ಇವರಿಬ್ಬರ ನಡುವೆ ಕಣ್ಣಿಗೆ ಕಾಣದೆ ನಿಂತಿರುವ ಮೂರನೆಯವನು ಕಾನೂನು. ಆತನು ಏನು ಕೇಳುತ್ತಾನೆ, ಏಕೆ ಕೇಳುತ್ತಾನೆ ಎಂಬುದನ್ನು ಮಾಲೀಕರಿಗೂ, ಅವರ ಪರವಾಗಿ ಸಿಬ್ಬಂದಿಯ ವ್ಯವಹಾರ ನೋಡಿಕೊಳ್ಳುವ ಅಧಿಕಾರಿಗಳಿಗೂ ತಿಳಿಯುವಂತೆ ಹೇಳುವುದು ಈ ಭಾಷಣದ ಉದ್ದೇಶ.

ಮೊದಲಿಗೆ ಒಂದು ಪ್ರಶ್ನೆ. ಒಬ್ಬ ಕೂಲಿಕಾರನು “ನನಗೆ ಎರಡು ತಿಂಗಳ ಸಂಬಳ ಬಂದಿಲ್ಲ” ಎನ್ನುತ್ತಾನೆ. ಮಾಲೀಕನು “ಕೊಟ್ಟಿದ್ದೇನೆ, ದೇವರಾಣೆ” ಎನ್ನುತ್ತಾನೆ. ಕಾಗದ ಪತ್ರ ಇಬ್ಬರ ಬಳಿಯೂ ಇಲ್ಲ. ಕಾನೂನು ಯಾರ ಮಾತನ್ನು ನಂಬಬೇಕು? ಬಾಕಿ ಇದೆಯೆಂದು ಹೇಳುವವನೇ ಅದನ್ನು ಸಾಧಿಸಲಿ ಎಂದು ಅನೇಕರು ತಿಳಿದಿದ್ದಾರೆ. ಕಾನೂನು ಹಾಗೆ ತಿಳಿದಿಲ್ಲ. 2019ರ ವೇತನ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ: ವೇತನ ಸಂದಿಲ್ಲವೆಂದು ದಾವೆ ಬಂದಾಗ, ಸಂದಿದೆ ಎಂದು ಸಾಧಿಸುವ ಭಾರ ಮಾಲೀಕನದು. ಇದರ ಕಾರಣ ನ್ಯಾಯವಾದುದೇ. ಪುಸ್ತಕ ಇರುವುದು ಮಾಲೀಕನ ಮೇಜಿನ ಮೇಲೆ. ಬರೆಯುವ ಗುಮಾಸ್ತ ಆತನವನು. ಬೀಗದ ಕೈ ಆತನದು. ದಾಖಲೆ ಇಡುವ ಶಕ್ತಿ ಯಾರಿಗಿದೆಯೋ ದಾಖಲೆ ತೋರಿಸುವ ಹೊಣೆಯೂ ಅವರಿಗೇ ಸೇರತಕ್ಕದ್ದು. ದಾವೆ ಹೂಡಲು ಮೂರು ವರ್ಷಗಳ ಅವಧಿಯುಂಟು. ಆದುದರಿಂದ ಪ್ರಾಮಾಣಿಕವಾಗಿ ಹಣ ಕೊಟ್ಟೂ ಪುಸ್ತಕ ಬರೆಯದವನು, ಹಣ ಕೊಡದೆ ವಂಚಿಸಿದವನ ಸಾಲಿನಲ್ಲಿಯೇ ನಿಲ್ಲಬೇಕಾಗುತ್ತದೆ. ಲೆಕ್ಕ ಬರೆಯದಿರುವುದು ಸೋಮಾರಿತನವಾಗಿ ಆರಂಭವಾಗಿ ನಷ್ಟವಾಗಿ ಮುಗಿಯುತ್ತದೆ.

ಈ ಕಾನೂನುಗಳು ನಮ್ಮ ಸೀಮೆಗೆ ಹೊಸಬರಲ್ಲ. ತುಂಗಭದ್ರಾ ಅಣೆಕಟ್ಟಿನ ಕಾಮಗಾರಿ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಲ್ಲುವ ಹಂತಕ್ಕೆ ಬಂದಿತು. ಆ ಕಲ್ಲು ಗೋಡೆ ಏಳುತ್ತಿದ್ದ ಕಾಲದಲ್ಲೇ ದೇಶದ ಕಾರ್ಮಿಕ ಶಾಸನಗಳೂ ಒಂದರ ಮೇಲೊಂದು ಏಳುತ್ತಿದ್ದವು. 1947ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆ, 1948ರಲ್ಲಿ ಕನಿಷ್ಠ ವೇತನ ಕಾಯಿದೆ ಮತ್ತು ಕಾರ್ಖಾನೆಗಳ ಕಾಯಿದೆ, 1952ರಲ್ಲಿ ಗಣಿಗಳ ಕಾಯಿದೆ ಮತ್ತು ಭವಿಷ್ಯನಿಧಿ ಕಾಯಿದೆ. ಮುಂದೆ ಇನ್ನೂ ಅನೇಕ ಬಂದವು. ಒಂದು ಕಾಯಿದೆಯಲ್ಲಿ ‘ವೇತನ’ ಎಂದರೆ ಒಂದು ಅರ್ಥ, ಇನ್ನೊಂದರಲ್ಲಿ ಮತ್ತೊಂದು. ಈ ಗೊಂದಲವನ್ನು ಕಡಿಮೆ ಮಾಡುವುದಕ್ಕಾಗಿ ಕೇಂದ್ರ ಸರ್ಕಾರವು 29 ಕಾಯಿದೆಗಳನ್ನು ನಾಲ್ಕು ಸಂಹಿತೆಗಳಲ್ಲಿ ಅಡಕ ಮಾಡಿತು. ವೇತನದ್ದು ಒಂದು, ಕೈಗಾರಿಕಾ ಸಂಬಂಧಗಳದ್ದು ಒಂದು, ಸಾಮಾಜಿಕ ಭದ್ರತೆಯದ್ದು ಒಂದು, ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯದ್ದು ಇನ್ನೊಂದು. ಇವು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಬಾಲಕಾರ್ಮಿಕ ನಿಷೇಧ, ಜೀತ ನಿರ್ಮೂಲನ, ಕೆಲಸದ ಸ್ಥಳದಲ್ಲಿ ಮಹಿಳೆಯರ ರಕ್ಷಣೆ ಇವುಗಳ ಶಾಸನಗಳು ಈ ನಾಲ್ಕರ ಹೊರಗೆ ಪ್ರತ್ಯೇಕವಾಗಿಯೇ ಉಳಿದಿವೆ. ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯೂ ಹಾಗೆಯೇ.

ಇನ್ನು ಯಾವ ಸರ್ಕಾರದ ಅಧಿಕಾರಿ ನಮ್ಮ ಬಾಗಿಲಿಗೆ ಬರುತ್ತಾನೆ ಎಂಬುದು. ಗಣಿಗಳ ಮಟ್ಟಿಗೆ ಕೇಂದ್ರ ಸರ್ಕಾರವೇ ಅಧಿಕಾರವುಳ್ಳದ್ದು. ಅಕ್ಕಿ ಗಿರಣಿ, ಹೋಟೆಲು, ಅಂಗಡಿಗಳಿಗೆ ರಾಜ್ಯ ಸರ್ಕಾರ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪೆಗಳು ಆ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಹೊಸಪೇಟೆಯಲ್ಲಿ ಮನೆ, ಸಂಡೂರಿನಲ್ಲಿ ಗಣಿ, ಕಂಪ್ಲಿಯಲ್ಲಿ ಗಿರಣಿ ಇಟ್ಟುಕೊಂಡ ಯಜಮಾನರು ಎರಡು ಜಿಲ್ಲೆ, ಎರಡು ಸರ್ಕಾರಗಳ ಲೆಕ್ಕವನ್ನು ಬೇರೆ ಬೇರೆಯಾಗಿ ಇಡಬೇಕಾಗುತ್ತದೆ.

ಮಾಲೀಕನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ ಇದು: ಇವನು ನನ್ನ ಕೆಲಸಗಾರನೇ? ಸಂಡೂರಿನ ಕಡೆ ಈ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದುಂಟು: “ಅವನು ಗುತ್ತಿಗೆದಾರನ ಕಡೆಯವನು, ನಮಗೆ ಸಂಬಂಧವಿಲ್ಲ.” ಈ ಉತ್ತರವನ್ನು ಕಾನೂನು ಒಪ್ಪುವುದಿಲ್ಲ. ಗುತ್ತಿಗೆದಾರನು ಕೂಲಿ ಕೊಡದೆ ಹೋದರೆ ಸಂಸ್ಥೆಯ ಒಡೆಯನೇ ಕೊಡತಕ್ಕದ್ದು. ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳತಕ್ಕದ್ದು. ಕೂಲಿಕಾರನು ಇಬ್ಬರ ಜಗಳದ ನಡುವೆ ಉಪವಾಸ ಬೀಳಬಾರದು ಎಂಬುದು ಇದರ ಮರ್ಮ. 50 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರನ್ನು ದುಡಿಸುವ ಕಡೆ ಗುತ್ತಿಗೆದಾರನು ಲೈಸೆನ್ಸು ಪಡೆದಿರಬೇಕು. ಅಲ್ಲಿ ಕುಡಿಯುವ ನೀರು, ವಿಶ್ರಾಂತಿ ಕೊಠಡಿ, ಪ್ರಥಮ ಚಿಕಿತ್ಸೆ ಮುಂತಾದ ಸೌಕರ್ಯಗಳನ್ನು ಒದಗಿಸುವ ಹೊಣೆ ಗುತ್ತಿಗೆದಾರನದಲ್ಲ, ಮೂಲ ಮಾಲೀಕನದು.

ಎಲ್ಲ ಕೆಲಸವನ್ನೂ ಗುತ್ತಿಗೆಗೆ ಕೊಡುವಂತಿಲ್ಲ ಎಂಬುದು ಇನ್ನೊಂದು ಮಾತು. ಸಂಸ್ಥೆ ಯಾವ ಉದ್ದೇಶಕ್ಕಾಗಿ ಸ್ಥಾಪಿತವಾಗಿದೆಯೋ ಆ ಮುಖ್ಯ ಕೆಲಸದಲ್ಲಿ ಗುತ್ತಿಗೆ ಕಾರ್ಮಿಕರನ್ನು ತೊಡಗಿಸುವುದನ್ನು ಸಂಹಿತೆ ನಿಷೇಧಿಸುತ್ತದೆ. ಕಾವಲು, ಕ್ಯಾಂಟೀನು, ಹೇರುವುದು ಇಳಿಸುವುದು, ಸಾಗಾಟ, ಕಸಗುಡಿಸುವುದು, ತೋಟದ ಕೆಲಸ ಇಂಥವು ಸಾಮಾನ್ಯವಾಗಿ ಮುಖ್ಯ ಕೆಲಸದ ಹೊರಗಿನವು. ಲಾರಿಗೆ ಅದಿರು ತುಂಬುವುದನ್ನು ಗುತ್ತಿಗೆಗೆ ಕೊಡುವುದು ಬೇರೆ. ಅದಿರು ಅಗೆಯುವುದನ್ನೇ ಕೊಡುವುದು ಬೇರೆ. ಈ ನಿಷೇಧಕ್ಕೂ ಕೆಲವು ವಿನಾಯಿತಿಗಳುಂಟು: ಆ ಉದ್ಯಮದಲ್ಲಿ ಮೊದಲಿನಿಂದಲೂ ಗುತ್ತಿಗೆಯ ಮೂಲಕವೇ ನಡೆಯುವ ಕೆಲಸ, ದಿನದ ಬಹುಪಾಲು ಆಳು ಬೇಕಾಗದ ಕೆಲಸ, ನಿಗದಿಯಾದ ಅವಧಿಯೊಳಗೆ ಮುಗಿಸಬೇಕಾಗಿ ಹಠಾತ್ತನೆ ಹೆಚ್ಚಿದ ಕೆಲಸ. ಆದರೆ ವಿನಾಯಿತಿ ಉಂಟೆಂದು ಊಹಿಸಿಕೊಂಡು ಕೂರದೆ, ಅದು ತಮಗೆ ಸಲ್ಲುತ್ತದೆ ಎಂಬುದನ್ನು ಬರೆಹದಲ್ಲಿ ಖಚಿತಪಡಿಸಿಕೊಳ್ಳುವುದು ಲೇಸು. ಕಾಗದದ ಮೇಲೆ ಗುತ್ತಿಗೆದಾರನ ಹೆಸರಿದ್ದ ಮಾತ್ರಕ್ಕೆ ಸಾಲದೆಂದು ಸುಪ್ರೀಂ ಕೋರ್ಟು 1978ರಷ್ಟು ಹಿಂದೆಯೇ ಹೇಳಿದೆ. ಕೇರಳದ ಹಗ್ಗದ ಕಾರ್ಖಾನೆಯೊಂದರ ಆ ಮೊಕದ್ದಮೆಯಲ್ಲಿ, ಕಾರ್ಮಿಕರ ಜೀವನೋಪಾಯದ ಮೇಲೆ ನಿಜವಾದ ಹತೋಟಿ ಯಾರದೋ ಅವನೇ ಮಾಲೀಕನೆಂದು ನ್ಯಾಯಾಲಯ ತೀರ್ಮಾನಿಸಿತು.

ಎರಡನೆಯ ಪ್ರಶ್ನೆ: ಎಷ್ಟು ಕೊಡಬೇಕು, ಯಾವಾಗ ಕೊಡಬೇಕು? ಹಿಂದೆ ಸರ್ಕಾರದ ಅನುಸೂಚಿಯಲ್ಲಿ ಹೆಸರಿಸಿದ ಉದ್ಯೋಗಗಳಿಗೆ ಮಾತ್ರ ಕನಿಷ್ಠ ವೇತನ ಅನ್ವಯಿಸುತ್ತಿತ್ತು. ಈಗ ಆ ಕಟ್ಟು ಬಿಚ್ಚಿಹೋಗಿದೆ; ಒಬ್ಬನನ್ನೇ ದುಡಿಸಿಕೊಳ್ಳುವವನಿಗೂ ಕನಿಷ್ಠ ವೇತನದ ನಿಯಮ ಉಂಟು. ಒಂದೇ ಕೆಲಸಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಕೂಲಿ ಕೊಡುವ ಹಾಗಿಲ್ಲ. ನಾಟಿಯ ಕಾಲದಲ್ಲಿ, ಗಿರಣಿಯ ಅಂಗಳದಲ್ಲಿ “ಹೆಣ್ಣಾಳು, ಗಂಡಾಳು” ಎಂದು ಎರಡು ದರ ಹೇಳುವ ವಾಡಿಕೆ ಎಷ್ಟು ಹಳೆಯದಾದರೂ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಸಂಬಳದ ಚೀಟಿಯನ್ನು ಹೇಗೆ ಬರೆಯಬೇಕು ಎಂಬುದರಲ್ಲಿಯೂ ಬದಲಾವಣೆ ಆಗಿದೆ. ಮೂಲವೇತನವನ್ನು ಕಿರಿದಾಗಿಟ್ಟು ಮನೆಬಾಡಿಗೆ ಭತ್ಯ, ಪ್ರಯಾಣ ಭತ್ಯ ಎಂದು ಉಳಿದುದನ್ನು ಹಂಚಿ, ಭವಿಷ್ಯನಿಧಿಯ ಹೊರೆಯನ್ನು ಇಳಿಸಿಕೊಳ್ಳುವ ಜಾಣತನವೊಂದಿತ್ತು. ಸಂಹಿತೆ ಅದಕ್ಕೆ ಒಂದು ಗೆರೆ ಎಳೆದಿದೆ. ವೇತನದಿಂದ ಹೊರಗಿಡಬಹುದಾದ ಭತ್ಯಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೆಂದೇ ಲೆಕ್ಕ. ಉದಾಹರಣೆಗೆ ಒಬ್ಬನ ಒಟ್ಟು ಸಂಭಾವನೆ 20,000 ರೂಪಾಯಿ. ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯ 7,000, ಇತರ ಭತ್ಯಗಳು 13,000. ಒಟ್ಟಿನ ಅರ್ಧ 10,000. ಭತ್ಯಗಳು ಆ ಗೆರೆಯನ್ನು 3,000ದಷ್ಟು ಮೀರಿವೆ. ಆ 3,000ವನ್ನು 7,000ಕ್ಕೆ ಕೂಡಿಸಿ, ಅವನ ವೇತನ 10,000 ಎಂದೇ ಹಿಡಿಯಬೇಕು.

ಹೋಟೆಲಿನವರು ಕೇಳುವ ಮಾತೊಂದುಂಟು: “ಊಟ ತಿಂಡಿ ನಮ್ಮದೇ ಅಲ್ಲವೆ? ಅದನ್ನು ಕೂಲಿಯಲ್ಲಿ ಮುರಿದುಕೊಳ್ಳಬಾರದೆ?” ಸಂಬಳಕ್ಕೆ ಬದಲಾಗಿ ವಸ್ತುರೂಪದಲ್ಲಿ ಕೊಟ್ಟದ್ದರ ಬೆಲೆಯನ್ನು ವೇತನದ ನೂರಕ್ಕೆ 15ರ ಮಿತಿಯೊಳಗೆ ಮಾತ್ರ ವೇತನವೆಂದು ಎಣಿಸಬಹುದು. ಊಟ ಹಾಕಿದ್ದೇವೆಂದು ಸಂಬಳವನ್ನು ಅರ್ಧಕ್ಕಿಳಿಸುವಂತಿಲ್ಲ. ಗಾಜಿನ ಲೋಟ ಒಡೆದ ಹುಡುಗನ ಸಂಬಳದಲ್ಲಿ ಅದರ ಬೆಲೆ ಹಿಡಿಯುವ ಮುನ್ನ ಅವನ ಮಾತನ್ನು ಕೇಳಬೇಕು. ದಂಡ ಹಾಕುವುದಾದರೆ ಆ ಅವಧಿಯ ವೇತನದ ನೂರಕ್ಕೆ 3ನ್ನು ಮೀರಬಾರದು. ಯಾವ ಯಾವ ಹೆಸರಿನಲ್ಲಿ ಕಡಿತ ಮಾಡಿದರೂ ಒಟ್ಟು ಕಡಿತ ವೇತನದ ಅರ್ಧವನ್ನು ದಾಟಬಾರದು.

ಇನ್ನು ಕಾಲ. ದಿನಗೂಲಿಯವನಿಗೆ ಪಾಳಿ ಮುಗಿದಾಗ, ವಾರಗೂಲಿಯವನಿಗೆ ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳದವನಿಗೆ ಮುಂದಿನ ತಿಂಗಳ ಏಳನೆಯ ದಿನ ಕಳೆಯುವುದರೊಳಗೆ ಬಟವಾಡೆ ಆಗಬೇಕು. ಕೆಲಸ ಬಿಟ್ಟವನಿಗೆ, ಬಿಡಿಸಿದವನಿಗೆ, ಎರಡು ಕೆಲಸದ ದಿನಗಳೊಳಗೆ ವೇತನದ ಬಾಕಿ ಸಲ್ಲಬೇಕು. “ಮುಂದಿನ ತಿಂಗಳು ಬಾ” ಎಂದು ಬಿಟ್ಟುಹೋದವನನ್ನು ಅಲೆದಾಡಿಸುವುದು ಅಪರಾಧ. ಕಡಿಮೆ ವೇತನ ಕೊಟ್ಟುದಕ್ಕೆ 50,000 ರೂಪಾಯಿಯವರೆಗೆ ದಂಡ ಉಂಟು. ಐದು ವರ್ಷಗಳೊಳಗೆ ಅದೇ ತಪ್ಪು ಮರುಕಳಿಸಿದರೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. 20 ಅಥವಾ ಹೆಚ್ಚು ಮಂದಿ ಇರುವಲ್ಲಿ, ವರ್ಷದಲ್ಲಿ 30 ದಿನವಾದರೂ ದುಡಿದ, ವೇತನದ ಮಿತಿಯೊಳಗಿನ ನೌಕರರಿಗೆ ನೂರಕ್ಕೆ 8.33ಕ್ಕೆ ಕಡಿಮೆಯಿಲ್ಲದ ಬೋನಸ್ಸು ಸಲ್ಲುತ್ತದೆ.

ಮೂರನೆಯ ಪ್ರಶ್ನೆ: ದುಡಿಯುವವನ ಮೈಗೆ, ಮಾನಕ್ಕೆ ನಾನು ಎಷ್ಟರಮಟ್ಟಿಗೆ ಹೊಣೆ? ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ಎಂಬುದು ಸುರಕ್ಷತಾ ಸಂಹಿತೆಯ ಸಾಮಾನ್ಯ ಅಳತೆ. ಅದಕ್ಕೆ ಮೀರಿ ದುಡಿಸಬೇಕಾದರೆ ಕೆಲಸಗಾರನ ಒಪ್ಪಿಗೆ ಬೇಕು, ಎರಡರಷ್ಟು ದರ ಕೊಡಬೇಕು. ದಿನಕ್ಕೆ 600 ರೂಪಾಯಿಯವನಿಗೆ ಗಂಟೆಗೆ 75. ಹೆಚ್ಚಿನ ಎರಡು ಗಂಟೆಗೆ 150 ಅಲ್ಲ, 300. ವರ್ಷದಲ್ಲಿ 180 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನದಂತೆ ವೇತನಸಹಿತ ರಜೆ. ನಮ್ಮ ರಾಜ್ಯದ 1963ರ ಕಾಯಿದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನಗಳೂ, ಇವಲ್ಲದೆ ಇನ್ನೂ ಐದು ಹಬ್ಬಗಳೂ ಸಂಬಳದ ರಜೆಗಳು. ಹಂಪೆಯ ವಸತಿಗೃಹಗಳಿಗೆ ಊರಿಗೆಲ್ಲ ರಜೆಯಿರುವ ದಿನವೇ ಸುಗ್ಗಿ. ಅಂದು ದುಡಿಸಬಾರದೆಂದಿಲ್ಲ, ಆದರೆ ಎರಡರಷ್ಟು ಕೂಲಿ ಕೊಡಬೇಕು, ಇಲ್ಲವೆ ಕೂಲಿಯ ಜೊತೆಗೆ ಇನ್ನೊಂದು ದಿನ ಬದಲಿ ರಜೆ ಕೊಡಬೇಕು.

ಸಂಜೆ ಏಳರ ಮೇಲೆ, ಬೆಳಿಗ್ಗೆ ಆರಕ್ಕೆ ಮುನ್ನ ಮಹಿಳೆಯರು ಕೆಲಸ ಮಾಡಬಹುದು. ಅದಕ್ಕೆ ಅವರ ಒಪ್ಪಿಗೆಯೂ ಬೇಕು, ಸುರಕ್ಷತೆಯ ಏರ್ಪಾಡೂ ಬೇಕು. 10 ಅಥವಾ ಹೆಚ್ಚು ಮಂದಿ ಇರುವ ಕಡೆ 2013ರ ಕಾಯಿದೆಯಂತೆ ಹಿರಿಯ ಮಹಿಳೆಯೊಬ್ಬರ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಸಮಿತಿ ರಚಿಸದಿದ್ದರೆ 50,000 ರೂಪಾಯಿಯವರೆಗೆ ದಂಡವುಂಟು. ಹತ್ತಕ್ಕಿಂತ ಕಡಿಮೆ ಮಂದಿ ಇರುವ ಕಡೆಯ ದೂರುಗಳನ್ನು ಜಿಲ್ಲೆಯ ಸ್ಥಳೀಯ ಸಮಿತಿ ಕೇಳುತ್ತದೆ. ಹೆರಿಗೆಯ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದ ಹೆಣ್ಣುಮಗಳಿಗೆ 26 ವಾರಗಳ ವೇತನಸಹಿತ ರಜೆ ಸಲ್ಲುತ್ತದೆ; ಈಗಾಗಲೇ ಎರಡು ಮಕ್ಕಳಿರುವವಳಿಗೆ ಅದು 12 ವಾರ.

ಮಕ್ಕಳ ವಿಷಯದಲ್ಲಿ ಎರಡು ಮಾತಿಲ್ಲ. 14 ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳತಕ್ಕದ್ದಲ್ಲ. ಶಾಲೆಯ ಹೊತ್ತು ಬಿಟ್ಟು ಸ್ವಂತ ಮನೆಯವರ ಕೆಲಸಕ್ಕೆ ನೆರವಾಗುವುದು ಮುಂತಾದ ಒಂದೆರಡು ವಿನಾಯಿತಿಗಳು ಮಾತ್ರ ಉಂಟು. 14ರಿಂದ 18ರೊಳಗಿನವರು ಗಣಿಯಂಥ ಅಪಾಯದ ಕೆಲಸಕ್ಕೆ ಸಲ್ಲರು. 2000ರ ದಶಕದ ಗಣಿ ಭರಾಟೆಯಲ್ಲಿ ಈ ಬೆಟ್ಟಗಳ ಸೆರಗಿನಲ್ಲಿ ಮಕ್ಕಳೂ ಅದಿರು ಒಡೆದದ್ದುಂಟು. ಈ ಅಪರಾಧಕ್ಕೆ ಈಗ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸವುಂಟು. “ಅಪ್ಪ ಅಮ್ಮನೇ ಕರೆತಂದು ಬಿಟ್ಟರು” ಎಂಬುದು ಮಾಲೀಕನಿಗೆ ಸಮಾಧಾನವಾಗದು.

ಅಪಘಾತದ ಲೆಕ್ಕವನ್ನೂ ತಿಳಿದಿರಬೇಕು. ಕೆಲಸದಲ್ಲಿ ಕಾರ್ಮಿಕನು ಮೃತನಾದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ ಪರಿಹಾರ ಕೊಡಬೇಕು. 30 ವರ್ಷದವನಿಗೆ ಆ ಗುಣಕ 207.98. ಲೆಕ್ಕಕ್ಕೆ ವೇತನ 15,000 ಎಂದಿಟ್ಟುಕೊಂಡರೆ ಪರಿಹಾರ 15,59,850 ರೂಪಾಯಿ. ಪೂರ್ಣ ಅಂಗವೈಕಲ್ಯಕ್ಕೆ ಅರ್ಧದ ಬದಲು ನೂರಕ್ಕೆ 60ರ ಲೆಕ್ಕ. ಕೊಡುವುದು ಒಂದು ತಿಂಗಳು ಮೀರಿದರೆ ನೂರಕ್ಕೆ 12ರ ಬಡ್ಡಿ ಸೇರುತ್ತದೆ. ತಡಕ್ಕೆ ನ್ಯಾಯವಾದ ಕಾರಣವಿಲ್ಲದಿದ್ದರೆ ಮೊಬಲಗಿನ ಅರ್ಧದವರೆಗೆ ದಂಡವೂ ಬರುತ್ತದೆ. ಮನೆಯಿಂದ ಕೆಲಸಕ್ಕೆ ಬರುವಾಗ ಹೋಗುವಾಗ ದಾರಿಯಲ್ಲಿ ಆದ ಅಪಘಾತವನ್ನೂ, ಹೊತ್ತು ಮತ್ತು ಸ್ಥಳಗಳಿಗೆ ಕೆಲಸದೊಡನೆ ಸಂಬಂಧವಿದ್ದಲ್ಲಿ, ಕೆಲಸದಲ್ಲಿ ಆದ ಅಪಘಾತವೆಂದೇ ಸಂಹಿತೆ ಎಣಿಸುತ್ತದೆ. ಇ.ಎಸ್.ಐ. ವಿಮೆಗೆ ಒಳಪಟ್ಟ ಕೆಲಸಗಾರನ ಮಟ್ಟಿಗೆ ಈ ಭಾರವನ್ನು ವಿಮಾ ನಿಗಮ ಹೊರುತ್ತದೆ. ತಿಂಗಳ ವಂತಿಗೆ ಕಟ್ಟುವಾಗ ಗೊಣಗುವವರು ಈ ಹದಿನೈದು ಲಕ್ಷವನ್ನು ನೆನೆಯಬೇಕು. ವೇತನ, ವಯಸ್ಸು ಎರಡೂ ಈ ಗಣಿತದಲ್ಲಿ ಸೇರಿರುವುದರಿಂದ ಹಾಜರಿ ಪುಸ್ತಕದಲ್ಲಿ ಹುಟ್ಟಿದ ದಿನವನ್ನು ಅಂದಾಜಿನಲ್ಲಿ ಬರೆಯುವುದು ತರವಲ್ಲ.

ನಾಲ್ಕನೆಯದು ಮುಂಗಡದ ಪ್ರಶ್ನೆ. ಕಬ್ಬು ಕಡಿಯುವವರಿಗೆ, ಇಟ್ಟಿಗೆ ಭಟ್ಟಿಯವರಿಗೆ ಮೇಸ್ತ್ರಿಯ ಕೈಯಲ್ಲಿ ಮುಂಗಡ ಕೊಟ್ಟು ಕರೆಸುವುದು ನಮ್ಮ ಬಯಲುಸೀಮೆಯ ರೂಢಿ. ಮುಂಗಡ ಕೊಡುವುದೇ ತಪ್ಪೆಂದು ಕಾನೂನು ಹೇಳುವುದಿಲ್ಲ. ಮದುವೆಗೋ ಕಾಯಿಲೆಗೋ ಹಣ ಪಡೆದು ದುಡಿದು ತೀರಿಸುವುದು ಸಹಜ. ಆದರೆ ಆ ಸಾಲದ ಹೆಸರಿನಲ್ಲಿ “ತೀರುವವರೆಗೆ ಬೇರೆಡೆ ಹೋಗಬೇಡ” ಎಂದು ತಡೆದರೆ, ಕೂಲಿಯನ್ನು ಕನಿಷ್ಠ ದರಕ್ಕಿಂತ ಕೆಳಗಿಳಿಸಿದರೆ, ಆ ವ್ಯವಹಾರ ಮುಂಗಡದ ಎಲ್ಲೆ ದಾಟಿ ಜೀತವಾಗುತ್ತದೆ. 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯಂತೆ ಅಂಥ ಸಾಲವೇ ರದ್ದು. ದುಡಿಸಿದವನಿಗೆ ಮೂರು ವರ್ಷದವರೆಗೆ ಸೆರೆವಾಸ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಹೊಟ್ಟೆಯ ಬೇಗೆಯಿಂದ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯಲು ಒಪ್ಪಿದವನ ದುಡಿಮೆಯೂ ಸಂವಿಧಾನದ 23ನೆಯ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದಿತು. “ಅವನೇ ಒಪ್ಪಿಕೊಂಡ” ಎಂಬ ಮಾತು ಅಂದಿನಿಂದ ಉತ್ತರವಾಗಿ ಉಳಿದಿಲ್ಲ. ಕೊಟ್ಟ ಮುಂಗಡ, ಪ್ರತಿ ಬಟವಾಡೆಯಲ್ಲಿ ಮುರಿದದ್ದು, ಉಳಿದ ಬಾಕಿ ಇವು ಮೂರನ್ನೂ ಮೇಸ್ತ್ರಿಯ ನೆನಪಿಗೆ ಬಿಡದೆ, ಕೆಲಸಗಾರನ ಎದುರಿನಲ್ಲಿ ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದಿಡಬೇಕು. ಹೊರರಾಜ್ಯದಿಂದ ಬಂದವರು ಹತ್ತು ಮಂದಿಗೆ ಏರಿದರೆ ಊರಿಗೆ ಹೋಗಿಬರುವ ಪ್ರಯಾಣ ಭತ್ಯದಂಥ ಇನ್ನೂ ಕೆಲವು ಕರ್ತವ್ಯಗಳು ಕೂಡಿಕೊಳ್ಳುತ್ತವೆ. ಮೇಸ್ತ್ರಿಯ ಮೂಲಕ ಬಂದವರು ಮಾತ್ರವಲ್ಲ, ತಾವಾಗಿಯೇ ಬಂದು ಸೇರಿದವರೂ ಈ ಲೆಕ್ಕಕ್ಕೆ ಸೇರುತ್ತಾರೆ.

ಕೊನೆಯ ಪ್ರಶ್ನೆ, ಎಲ್ಲಕ್ಕಿಂತ ಕಹಿಯಾದದ್ದು: ಕೆಲಸ ನಿಂತರೆ ಏನು? ನಮ್ಮ ಸೀಮೆ ಇದನ್ನು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮ ಗಣಿಗಾರಿಕೆ ಅಷ್ಟರಮಟ್ಟಿಗೆ ಬೆಳೆದಿತ್ತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿ, ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವುಗಳಿಗೆ ಷರತ್ತಿನ ಮೇಲೆ ದಾರಿ ಬಿಟ್ಟಿತು. ನಡುವೆ ಕಳೆದ ತಿಂಗಳುಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು, ದಿನಗೂಲಿಯವರು ಊರು ಬಿಟ್ಟರು. ಬೆಟ್ಟಕ್ಕೆ ಆ ವಿರಾಮ ಅಗತ್ಯವಾಗಿತ್ತು. ಆದರೆ ಅಕ್ರಮ ಮಾಡಿದವನು ಯಾರೋ, ಒಲೆ ಆರಿದ್ದು ಯಾರದೋ ಎಂಬಂತಾಯಿತು.

ಅಂಥ ಹೊತ್ತಿನಲ್ಲಿ ಕಾನೂನು ಏನು ಹೇಳುತ್ತದೆ? ಅಂದು ಜಾರಿಯಲ್ಲಿದ್ದ 1947ರ ಕಾಯಿದೆಯೂ ಇಂದಿನ ಸಂಹಿತೆಯೂ ಈ ವಿಷಯದಲ್ಲಿ ಬಹುಮಟ್ಟಿಗೆ ಒಂದೇ. 50 ಮಂದಿಗೆ ಕಡಿಮೆಯಿಲ್ಲದ, ಹಂಗಾಮಿನದಲ್ಲದ ಉದ್ಯಮದಲ್ಲಿ ಕೆಲಸ ಒದಗಿಸಲಾಗದೆ ಕಾರ್ಮಿಕನನ್ನು ತಾತ್ಕಾಲಿಕವಾಗಿ ಹೊರಗಿಟ್ಟರೆ, ಆ ದಿನಗಳಿಗೆ ಮೂಲವೇತನ ಮತ್ತು ತುಟ್ಟಿಭತ್ಯದ ಅರ್ಧ ಸಲ್ಲಬೇಕು. ಇದು ಯಾರಿಗೆ? ಮಸ್ಟರ್ ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಒಂದು ವರ್ಷದ ಸತತ ಸೇವೆ ಆದವನಿಗೆ. ತೆರೆದ ಗಣಿಯಲ್ಲಿ 240 ದಿನ ದುಡಿದರೆ ಒಂದು ವರ್ಷದ ಸೇವೆ. ನೆಲದೊಳಗಿನ ಗಣಿಯಲ್ಲಿ 190 ದಿನ. ಕೆಲಸ ನಿಂತ ದಿನಗಳಲ್ಲಿಯೂ ಮಾಲೀಕನು ಹಾಜರಿ ಪುಸ್ತಕವನ್ನು ತೆರೆದೇ ಇಟ್ಟು, ಹೊತ್ತಿಗೆ ಬಂದವನ ಹೆಸರು ಬರೆದುಕೊಳ್ಳತಕ್ಕದ್ದೆಂದು ಶಾಸನವೇ ಹೇಳುತ್ತದೆ. ಹೆಸರು ಪುಸ್ತಕದಲ್ಲಿದ್ದವನಿಗೆ ಹಕ್ಕು ಕೇಳಲು ಒಂದು ಹಿಡಿ ಉಂಟು. ಹೆಸರೇ ಬರೆಯಿಸಿಕೊಳ್ಳದೆ ದುಡಿದವನಿಗೆ ಕೈಯಲ್ಲಿನ ಗಡಸು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಶಾಶ್ವತವಾಗಿ ಮುಚ್ಚುವುದಾದರೆ ಸರ್ಕಾರಕ್ಕೆ 60 ದಿನ ಮುಂಚಿತವಾಗಿ ತಿಳಿಸಬೇಕು. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ಮಾಲೀಕನ ಕೈಮೀರಿದ ಕಾರಣದಿಂದ ಮುಚ್ಚಿದರೆ ಈ ಪರಿಹಾರಕ್ಕೆ ಮೂರು ತಿಂಗಳ ವೇತನದ ಮಿತಿಯುಂಟು. ಆದರೆ ನಷ್ಟ, ಮಾರಾಟವಾಗದ ದಾಸ್ತಾನು, ಗಣಿ ಗುತ್ತಿಗೆಯ ಅವಧಿ ಮುಗಿದದ್ದು, ಅದಿರು ತೀರಿಹೋದದ್ದು ಇವಿಷ್ಟನ್ನೇ ಕೈಮೀರಿದ ಕಾರಣವೆಂದು ಹೇಳುವಂತಿಲ್ಲ. ಅದಿರು ಒಂದು ದಿನ ತೀರುತ್ತದೆ, ಗುತ್ತಿಗೆ ಒಂದು ದಿನ ಮುಗಿಯುತ್ತದೆ ಎಂಬುದು ಮೊದಲ ದಿನವೇ ತಿಳಿದ ಸಂಗತಿ. 300 ಅಥವಾ ಹೆಚ್ಚು ಕಾರ್ಮಿಕರಿರುವ ಗಣಿ, ಕಾರ್ಖಾನೆಗಳು ಮುಚ್ಚುವುದಕ್ಕೂ, ಆಳು ಕಡಿಮೆ ಮಾಡುವುದಕ್ಕೂ ಸರ್ಕಾರದ ಪೂರ್ವಾನುಮತಿ ಪಡೆಯಬೇಕು. ಹಿಂದೆ ಈ ಸಂಖ್ಯೆ 100 ಇತ್ತು. ಈ ಏರಿಕೆಯನ್ನು ಉದ್ಯಮಿಗಳು ಸ್ವಾಗತಿಸಿದ್ದಾರೆ, ಕಾರ್ಮಿಕ ಸಂಘಗಳು ವಿರೋಧಿಸಿವೆ.

ಬೀಳ್ಕೊಡುಗೆಯ ಇನ್ನೊಂದು ಲೆಕ್ಕ ಗ್ರಾಚ್ಯುಯಿಟಿ. 10 ಮಂದಿ ಇರುವ ಕಡೆ, ಐದು ವರ್ಷ ಸೇವೆ ಆದವನಿಗೆ ವರ್ಷಕ್ಕೆ 15 ದಿನದ ವೇತನ. ತಿಂಗಳಿಗೆ 26 ದಿನವೆಂದು ಹಿಡಿದು 15,600 ರೂಪಾಯಿಯವನ 15 ದಿನದ ವೇತನ 9,000. ಏಳು ವರ್ಷ ದುಡಿದಿದ್ದರೆ 63,000. ಪ್ರವಾಸದ ಹಂಗಾಮಿಗೆಂದು ನಿಗದಿತ ಅವಧಿಗೆ ನೇಮಿಸಿಕೊಂಡವನಿಗೆ ಐದು ವರ್ಷ ಆಗಬೇಕಾಗಿಲ್ಲ, ಒಂದು ವರ್ಷ ಆದರೆ ಸಾಕು.

ಸಂಖ್ಯೆಗಳ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ನೇಮಕಾತಿ ಪತ್ರ, ಇ.ಎಸ್.ಐ., ಗ್ರಾಚ್ಯುಯಿಟಿ, ಹೆರಿಗೆ ಸೌಲಭ್ಯ ಇವು 10ಕ್ಕೆ ತೊಡಗುತ್ತವೆ. ಭವಿಷ್ಯನಿಧಿ, ಬೋನಸ್ಸು, ಕುಂದುಕೊರತೆ ಸಮಿತಿ 20ಕ್ಕೆ. ವಿದ್ಯುತ್ತಿನಿಂದ ನಡೆಯುವ ಗಿರಣಿಯು 20 ಕಾರ್ಮಿಕರಾದರೆ ಕಾರ್ಖಾನೆಯೆನಿಸುತ್ತದೆ. ಶಿಶುವಿಹಾರ 50ಕ್ಕೆ, ಸ್ಥಾಯೀ ಆದೇಶಗಳು 300ಕ್ಕೆ. ಗಣಿಗೆ ಮಾತ್ರ ಸುರಕ್ಷತೆಯ ನಿಯಮಗಳಲ್ಲಿ ಹತ್ತರ ಲೆಕ್ಕವೂ ಇಲ್ಲ, ಒಬ್ಬನಿದ್ದರೂ ಅನ್ವಯ. ಈ ಪಟ್ಟಿ ನೋಡಿ ಕೆಲವರು 19ಕ್ಕೆ ನಿಲ್ಲುವ, ಒಂದು ಗಿರಣಿಯನ್ನು ಅಣ್ಣತಮ್ಮಂದಿರ ಹೆಸರಿನಲ್ಲಿ ಎರಡು ಮಾಡುವ ಉಪಾಯ ಹೂಡುತ್ತಾರೆ. ಒಂದೇ ಅಂಗಳ, ಒಂದೇ ಯಂತ್ರ, ಒಂದೇ ಗಲ್ಲಾಪೆಟ್ಟಿಗೆ ಇದ್ದರೆ ಬೋರ್ಡುಗಳೆರಡಾದರೂ ಸಂಸ್ಥೆ ಒಂದೇ ಎನ್ನುವ ಅಧಿಕಾರ ಕಾನೂನಿಗುಂಟು. ಗ್ರಾಚ್ಯುಯಿಟಿಯ ಕಟ್ಟಿಗೆ ಒಮ್ಮೆ ಒಳಪಟ್ಟ ಮೇಲೆ ಸಂಖ್ಯೆ ಇಳಿದರೂ ಕಟ್ಟು ಸಡಿಲವಾಗದು.

ತಪಾಸಣೆಯ ಅಧಿಕಾರಿಯನ್ನು ಕಂಡು ಹೆದರಬೇಕಾಗಿಲ್ಲ. ವೇತನ ಸಂಹಿತೆಯಲ್ಲಿ ಆತನು ಪರಿವೀಕ್ಷಕನಷ್ಟೇ ಅಲ್ಲ, ಮಾರ್ಗದರ್ಶಕನೂ ಹೌದು. ತಪ್ಪು ಕಂಡರೆ ಮೊಕದ್ದಮೆಗೆ ಮುನ್ನ ಬರೆಹದಲ್ಲಿ ತಿಳಿಸಿ ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಐದು ವರ್ಷಗಳೊಳಗೆ ಅದೇ ತಪ್ಪು ಮಾಡಿದವನಿಗೆ ಮಾತ್ರ ಆ ಅವಕಾಶವಿಲ್ಲ. ಆದುದರಿಂದ ಬರುವ ಬಟವಾಡೆಗೆ ಮುನ್ನ ಮಾಲೀಕರು ಐದು ಕೆಲಸ ಮಾಡಲಿ. ಗುತ್ತಿಗೆಯವರೂ ಸೇರಿದಂತೆ ಎಲ್ಲರ ಹೆಸರು, ವಯಸ್ಸು, ಸೇರಿದ ದಿನ ಪುಸ್ತಕಕ್ಕೆ ಬರಲಿ. ಪ್ರತಿಯೊಬ್ಬನಿಗೂ ನೇಮಕಾತಿ ಪತ್ರ ಮತ್ತು ವೇತನ ಚೀಟಿ ಸಿಗಲಿ. ಕೊಡುವ ದರವನ್ನು ಚಾಲ್ತಿಯಲ್ಲಿರುವ ಕನಿಷ್ಠ ದರದೊಂದಿಗೆ ಹೋಲಿಸಿ ನೋಡಲಿ. ಗುತ್ತಿಗೆದಾರನ ಬಿಲ್ಲಿಗೆ ಹಣ ಬಿಡುವ ಮುನ್ನ ಹಿಂದಿನ ತಿಂಗಳ ಕೂಲಿ, ಭವಿಷ್ಯನಿಧಿ ಕಟ್ಟಿದ ರಸೀದಿ ಕೇಳಲಿ. ಮುಂಗಡದ ಬಾಕಿಯನ್ನು ಪಡೆದವನ ಎದುರಿನಲ್ಲಿ ಓದಿ ಹೇಳಲಿ. ಇಷ್ಟಕ್ಕೆ ದೊಡ್ಡ ಕಚೇರಿ ಬೇಕಿಲ್ಲ. ಒಬ್ಬ ಶ್ರದ್ಧೆಯ ಗುಮಾಸ್ತ, ತಿಂಗಳಿಗೆ ಎರಡು ದಿನ ಸಾಕು. ಲೆಕ್ಕ ಚೊಕ್ಕಟವಾಗಿದ್ದರೆ ಕೊಟ್ಟವನಿಗೂ ನೆಮ್ಮದಿ, ಪಡೆದವನಿಗೂ ಭರವಸೆ.